ಸೂಜಿಗೂ ಮೊದಲು ಒಂದು ಮಾತು

2019ರ ಜನವರಿ 15. ಮರುದಿನ ಬೆಳಿಗ್ಗೆ ದೆಹಲಿಯ ಶಾಲೆಗಳಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನ ಶುರುವಾಗಬೇಕಿತ್ತು. ಒಂಬತ್ತು ತಿಂಗಳ ಕೂಸಿನಿಂದ ಹಿಡಿದು ಹದಿನೈದು ವರ್ಷದೊಳಗಿನ ಪ್ರತಿ ಮಗುವಿಗೂ ಒಂದು ಚುಚ್ಚುಮದ್ದು. ಹಿಂದೆ ಹಾಕಿಸಿದ್ದರೂ ಮತ್ತೊಂದು. ಕರ್ನಾಟಕದಲ್ಲಿ ಇದೇ ಅಭಿಯಾನ ಎರಡು ವರ್ಷ ಮೊದಲೇ, 2017ರ ಫೆಬ್ರವರಿಯಲ್ಲಿ ಶುರುವಾಗಿ ಮುಗಿದೂ ಹೋಗಿತ್ತು. ರಾಜಧಾನಿಯ ಸರದಿ ಬಂದಾಗ, ಶುರುವಾಗಲು ಒಂದು ದಿನ ಇರುವಂತೆ, ದೆಹಲಿ ಹೈಕೋರ್ಟ್ ತಡೆ ಕೊಟ್ಟಿತು.

ಕೋರ್ಟಿನ ಮುಂದಿದ್ದ ಮುಖ್ಯ ಪ್ರಶ್ನೆ ಲಸಿಕೆ ಒಳ್ಳೆಯದೋ ಕೆಟ್ಟದ್ದೋ ಎಂಬುದಾಗಿರಲಿಲ್ಲ. 2018ರ ಡಿಸೆಂಬರ್ 19ರ ಅಧಿಸೂಚನೆಯ ಪ್ರಕಾರ ದೆಹಲಿ ಸರ್ಕಾರ ತಂದೆತಾಯಿಯ ಒಪ್ಪಿಗೆ ಕೇಳದೆಯೇ ಶಾಲೆಯಲ್ಲಿ ಮಕ್ಕಳಿಗೆ ಲಸಿಕೆ ಹಾಕಲು ಹೊರಟಿತ್ತು. ಹಾಗೆ ಮಾಡಬಹುದೇ ಎಂಬುದು ಕೆಲವು ಶಾಲಾಮಕ್ಕಳ ಪರವಾಗಿ ಬಂದ ಅರ್ಜಿಯ ತಕರಾರು. ಒಂದು ವಾರದ ನಂತರ, ಜನವರಿ 22ರಂದು, ನ್ಯಾಯಮೂರ್ತಿ ವಿಭು ಬಖ್ರು ತೀರ್ಪು ಕೊಟ್ಟರು. (2025ರ ಜುಲೈಯಲ್ಲಿ ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿ ಬಂದವರು ಇವರೇ.) ಒಪ್ಪಿಗೆಯಿಲ್ಲದೆ ಒತ್ತಾಯದ ಲಸಿಕೆ ಸಲ್ಲದು ಎಂದಿತು ತೀರ್ಪು.

ಅದರಾಚೆಗೆ ಆ ಪ್ರಕರಣವನ್ನು ಎರಡು ಬಗೆಯಲ್ಲಿ ಹೇಳುವುದು ರೂಢಿಯಾಯಿತು. ಸಾರ್ವಜನಿಕ ಆರೋಗ್ಯದ ಬಗ್ಗೆ ಕಾಳಜಿ ಇರುವವರಿಗೆ ಅದು ಕೋರ್ಟು ಲಸಿಕೆಗೆ ಅಡ್ಡ ಬಂದ ಕಥೆ. ಲಸಿಕೆಯನ್ನೇ ಅನುಮಾನಿಸುವವರಿಗೆ ಅದು ಸರ್ಕಾರದ ಸೂಜಿಯ ಎದುರು ಪೋಷಕರು ಗೆದ್ದ ಕಥೆ. ಎರಡೂ ತಪ್ಪು. ದೆಹಲಿಯಲ್ಲಿ ಸೋತದ್ದು ಲಸಿಕೆಯಲ್ಲ, ಲಸಿಕೆಯ ಬಗ್ಗೆ ಜನರೊಡನೆ ಮಾತಾಡಲು ಹೆದರಿದ ಒಂದು ಆಡಳಿತದ ರೀತಿ. ಕೇಳುವುದು ಲಸಿಕೆಗೆ ಅಡ್ಡಿಯಲ್ಲ, ಅದರ ಅರ್ಧ ಕೆಲಸ ಎಂಬುದನ್ನು ಆ ರೀತಿ ಮರೆತಿತ್ತು.

ಇಷ್ಟೊಂದು ಅವಸರ ಯಾಕೆ ಎಂಬುದನ್ನು ತಿಳಿಯಲು ರೋಗವನ್ನು ತಿಳಿಯಬೇಕು. ಮೈಸೂರು ಸೀಮೆಯಲ್ಲಿ ದಡಾರ, ಉತ್ತರ ಕರ್ನಾಟಕದ ಹಲವೆಡೆ ಗೊಬ್ಬರ, ದೆಹಲಿಯಲ್ಲಿ ಖಸರಾ. ಮೊದಲು ಜ್ವರ, ಕೆಮ್ಮು, ಸೋರುವ ಮೂಗು, ಕೆಂಪಾದ ಕಣ್ಣು. ಮೂರ್ನಾಲ್ಕು ದಿನಗಳಲ್ಲಿ ಕಿವಿಯ ಹಿಂದೆ, ಮುಖದ ಮೇಲೆ ಕೆಂಪು ದದ್ದು ಎದ್ದು ಮೈಗೆಲ್ಲ ಇಳಿಯುತ್ತದೆ. ದದ್ದು ಕಾಣುವ ನಾಲ್ಕು ದಿನ ಮೊದಲಿನಿಂದಲೇ ಆ ಮಗು ಬೇರೆಯವರಿಗೆ ಸೋಂಕು ಹಂಚುತ್ತಿರುತ್ತದೆ. ಅದು ಕೆಮ್ಮಿ ಎದ್ದುಹೋದ ಕೋಣೆಯ ಗಾಳಿಯಲ್ಲಿ ವೈರಸ್ ಎರಡು ಗಂಟೆಯವರೆಗೂ ಉಳಿಯಬಲ್ಲದು. ರಕ್ಷಣೆಯೇ ಇಲ್ಲದ ಹತ್ತು ಜನ ಸಂಪರ್ಕಕ್ಕೆ ಬಂದರೆ ಒಂಬತ್ತು ಜನರಿಗೆ ತಗಲಬಹುದು. ಯಾರಿಗೂ ರಕ್ಷಣೆಯಿಲ್ಲದ ಊರಿನಲ್ಲಿ ಒಬ್ಬ ರೋಗಿಯಿಂದ 12ರಿಂದ 18 ಜನರಿಗೆ ಹರಡುತ್ತದೆ ಎಂಬುದು ತಜ್ಞರ ಲೆಕ್ಕ. ಇದನ್ನು ತಡೆಯಬೇಕಾದರೆ ನೂರರಲ್ಲಿ ತೊಂಬತ್ತೈದು ಮಕ್ಕಳಿಗೆ ಎರಡು ಡೋಸ್ ಸಿಕ್ಕಿರಬೇಕು. ಎಂಬತ್ತೈದು ಸಾಲದು, ತೊಂಬತ್ತೂ ಸಾಲದು.

ಬಹಳಷ್ಟು ಮಕ್ಕಳು ಹತ್ತು ದಿನದಲ್ಲಿ ಗುಣವಾಗುತ್ತಾರೆ. ‘ಎಲ್ಲರಿಗೂ ಒಮ್ಮೆ ಬಂದುಹೋಗುವುದೇ’ ಎಂಬ ಅಜ್ಜಿಯರ ಮಾತು ಹುಟ್ಟಿದ್ದು ಅಲ್ಲಿಂದ. ಬಂದದ್ದು ಹೋಗದ ಮನೆಗಳ ಕಥೆ ಬೇರೆ. ನ್ಯುಮೋನಿಯಾ, ನಿಲ್ಲದ ಭೇದಿ, ವಿಟಮಿನ್ ‘ಎ’ ಕೊರತೆಯಿದ್ದ ಮಗುವಿಗೆ ಕುರುಡು, ಸಾವಿರಕ್ಕೆ ಒಂದು ಮಗುವಿಗೆ ಮೆದುಳಿನ ಉರಿಯೂತ. ಇದರ ಜೊತೆಗೆ, ದಡಾರ ಮಗುವಿನ ದೇಹ ಅದುವರೆಗೆ ಕಲಿತಿದ್ದ ರೋಗನಿರೋಧದ ನೆನಪನ್ನೇ ಅಳಿಸುತ್ತದೆ ಎಂಬುದನ್ನು 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಮೊದಲಿದ್ದ ಪ್ರತಿಕಾಯಗಳಲ್ಲಿ ಶೇಕಡ 11ರಿಂದ 73ರವರೆಗೆ ನಷ್ಟ. ದಡಾರ ವಾಸಿಯಾದ ಎಷ್ಟೋ ತಿಂಗಳ ಮೇಲೆ ಬೇರೆ ಜ್ವರಕ್ಕೆ ಸತ್ತ ಮಗುವಿನ ಲೆಕ್ಕ ದಡಾರದ ಖಾತೆಗೆ ಬರುವುದೇ ಇಲ್ಲ. ರುಬೆಲ್ಲಾ ಇನ್ನೊಂದು ಬಗೆ: ಮಗುವಿಗೆ ಬಂದರೆ ಸಣ್ಣ ಜ್ವರ, ಸಣ್ಣ ದದ್ದು. ಅದೇ ಸೋಂಕು ಬಸುರಿಗೆ ಮೊದಲ ತಿಂಗಳುಗಳಲ್ಲಿ ತಗಲಿದರೆ ಹುಟ್ಟುವ ಕೂಸಿಗೆ ಕಣ್ಣಿನ ಪೊರೆ, ಕಿವುಡು, ಹೃದಯದ ದೋಷ.

ಇಂಥ ರೋಗವನ್ನು ಎದುರಿಸಲು ಹೊರಟ ಅಧಿಕಾರಿಗಳ ಅವಸರ ಅರ್ಥವಾಗುವಂಥದ್ದು. ಅವರ ಭಯವೂ ಅರ್ಥವಾಗುವಂಥದ್ದು. 2017ರಲ್ಲಿ ಕರ್ನಾಟಕದಲ್ಲಿ, ತಮಿಳುನಾಡಿನಲ್ಲಿ ಅಭಿಯಾನ ಶುರುವಾದಾಗ ವಾಟ್ಸಾಪ್ ತುಂಬ ವದಂತಿಗಳು ಹರಿದಾಡಿದ್ದವು. ಅದೇ ವರ್ಷದ ಕೊನೆಗೆ ಕೇರಳದ ಮಲಪ್ಪುರಂನಲ್ಲಿ ವಿರೋಧ ಗಟ್ಟಿಯಾಗಿತ್ತು. ದೆಹಲಿಯಲ್ಲಿ ಕೋರ್ಟಿನ ಮುಂದೆ ಬಂದ ವಾದವೊಂದು ಈ ಭಯದಿಂದಲೇ ಹುಟ್ಟಿದ್ದು: ಅಡ್ಡಪರಿಣಾಮಗಳನ್ನು ಜಾಹೀರಾತಿನಲ್ಲಿ ಬರೆದರೆ ಪೋಷಕರು ಹಿಂಜರಿಯುತ್ತಾರೆ, ಆದ್ದರಿಂದ ಬರೆಯದಿರುವುದೇ ಮೇಲು. ಕೋರ್ಟು ಈ ವಾದವನ್ನು ಒಪ್ಪಲಿಲ್ಲ. ಜಾಹೀರಾತು ಕೊಡುವುದೇ ತಿಳಿದು ನಿರ್ಧರಿಸಲಿ ಎಂದು. ತಿಳಿದರೆ ಬೇಡವೆಂದಾರು ಎಂಬ ಕಾರಣಕ್ಕೆ ತಿಳಿಸದಿರುವುದು ಸರಿಯಲ್ಲ ಎಂಬುದು ತೀರ್ಪಿನ ತಾತ್ಪರ್ಯ.

ಆ ತೀರ್ಪನ್ನು ಓದದೆಯೇ ಬೈದವರು ಗಮನಿಸದ ಒಂದು ಸಂಗತಿ ಅದರಲ್ಲಿದೆ. ಲಸಿಕೆ ಬೇಡವೆಂದವರ ಮಕ್ಕಳಿಗೆ ಹಾಕಬಾರದು ಎಂದಿತು ಕೋರ್ಟು. ಆದರೆ ಒಪ್ಪಿಗೆ ಪತ್ರ ಮರಳಿ ಬಾರದಿದ್ದರೆ ಅಲ್ಲಿಗೇ ಬಿಡಿ ಎನ್ನಲಿಲ್ಲ. ತರಗತಿಯ ಶಿಕ್ಷಕರು ಪೋಷಕರನ್ನು ನೇರವಾಗಿ ಕೇಳಿ ಒಪ್ಪಿಗೆ ಪಡೆಯಬಹುದು. ಎಷ್ಟು ಪ್ರಯತ್ನಪಟ್ಟರೂ ಸಿಗದ, ಬೇಡವೆಂದೂ ಹೇಳದ ಪೋಷಕರ ಮಕ್ಕಳಿಗೆ ಲಸಿಕೆ ಹಾಕಬಹುದು ಎಂದಿತು. ಇಂಗ್ಲಿಷ್, ಹಿಂದಿ, ಉರ್ದು, ಪಂಜಾಬಿ ಪತ್ರಿಕೆಗಳಲ್ಲಿ ಕಾಲು ಪುಟದ ಜಾಹೀರಾತು ಕೊಡಬೇಕು, ಒಮ್ಮೆ ಬಳಸಿದರೆ ಮತ್ತೆ ಬಳಸಲಾಗದ ಸಿರಿಂಜಿನಲ್ಲೇ ಲಸಿಕೆ ಹಾಕಲಾಗುತ್ತದೆ ಎಂದು ಅದರಲ್ಲಿ ತಿಳಿಸಬೇಕು, ಏಮ್ಸ್ ತಜ್ಞರು ಅಂತಿಮಗೊಳಿಸಿದ ಅಡ್ಡಪರಿಣಾಮಗಳ ಪಟ್ಟಿಯನ್ನೂ ಕೊಡಬೇಕು ಎಂದಿತು. ಇದು ಲಸಿಕೆಯ ವಿರುದ್ಧ ಕೊಟ್ಟ ತೀರ್ಪಲ್ಲ. ಒಳ್ಳೆಯ ಅಭಿಯಾನ ತಾನಾಗಿಯೇ ಮಾಡಬೇಕಿದ್ದ ಕೆಲಸವನ್ನು ಕೋರ್ಟಿನ ಭಾಷೆಯಲ್ಲಿ ಬರೆದ ಪಟ್ಟಿ.

ಮುಚ್ಚಿಡಬೇಕಾದ ಸತ್ಯವಾದರೂ ಏನು? ಲಸಿಕೆ ಹಾಕಿದ ಒಂದು ವಾರದ ಮೇಲೆ ನೂರರಲ್ಲಿ ಐದರಿಂದ ಹದಿನೈದು ಮಕ್ಕಳಿಗೆ ಜ್ವರ ಬರಬಹುದು. ಸುಮಾರು ಐದು ಮಕ್ಕಳಿಗೆ ತೆಳು ದದ್ದು. ಮೂರು ಸಾವಿರಕ್ಕೆ ಒಂದರಂತೆ ಜ್ವರದ ಫಿಟ್ಸ್. ನೋಡಲು ಭಯವಾದರೂ ಸಾಮಾನ್ಯವಾಗಿ ಶಾಶ್ವತ ಹಾನಿ ಮಾಡುವುದಿಲ್ಲ. ತೀರಾ ಅಪರೂಪಕ್ಕೆ, ಹತ್ತು ಲಕ್ಷಕ್ಕೊಂದರ ಆಸುಪಾಸು, ತೀವ್ರ ಅಲರ್ಜಿ. ಅದಕ್ಕೇ ಲಸಿಕೆ ಹಾಕಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿಸುವುದು. ಇಷ್ಟನ್ನು ಹೇಳಲು ಎರಡು ನಿಮಿಷ ಸಾಕು. ಇದನ್ನು ಮೊದಲೇ ಕೇಳಿಸಿಕೊಂಡ ತಾಯಿ ಎಂಟನೆಯ ದಿನ ಮಗುವಿನ ಮೈ ಬಿಸಿಯಾದಾಗ ‘ಹೇಳಿದ್ದರಲ್ಲ’ ಎಂದುಕೊಳ್ಳುತ್ತಾಳೆ. ಕೇಳಿಸಿಕೊಳ್ಳದವಳು ಓಣಿಯಲ್ಲೆಲ್ಲ ‘ಸೂಜಿಯಿಂದಲೇ ಹೀಗಾಯ್ತು’ ಎನ್ನುತ್ತಾಳೆ. ವದಂತಿಗೆ ಜಾಗ ಮಾಡಿಕೊಡುವುದು ಮೌನ.

ಕೇಳುವುದು ಇನ್ನೂ ಒಂದು ಕಾರಣಕ್ಕೆ ಬೇಕು. 2022ರ ಜನವರಿಯಲ್ಲಿ ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲ್ಲೂಕಿನಲ್ಲಿ ಇದೇ ಲಸಿಕೆ ಹಾಕಿಸಿಕೊಂಡ ಮೂರು ಹಸುಗೂಸುಗಳು ತೀರಿಕೊಂಡವು. ಪ್ರಾಥಮಿಕ ತನಿಖೆ ಬೊಟ್ಟು ಮಾಡಿದ್ದು ಲಸಿಕೆಯ ಕಡೆಗಲ್ಲ, ಅದನ್ನು ಇಟ್ಟು ಬಳಸಿದ ರೀತಿಯ ಕಡೆಗೆ. ಈ ಲಸಿಕೆ ಪುಡಿಯ ರೂಪದಲ್ಲಿ ಬರುತ್ತದೆ. ದ್ರಾವಣ ಬೆರೆಸಿದ ಮೇಲೆ ತಂಪಿನಲ್ಲೇ ಇಟ್ಟು ನಾಲ್ಕು ಗಂಟೆಯೊಳಗೆ ಬಳಸಬೇಕು, ಉಳಿದದ್ದನ್ನು ಚೆಲ್ಲಬೇಕು. ಶೀಶೆ ತೆರೆದ ಹೊತ್ತನ್ನು ಅದರ ಮೇಲೆಯೇ ಬರೆಯಬೇಕು ಎಂಬ ನಿಯಮವಿದೆ. ‘ಎಷ್ಟು ಹೊತ್ತಿಗೆ ತೆರೆದಿರಿ ಸಿಸ್ಟರ್?’ ಎಂದು ಕೇಳಬಲ್ಲ ತಾಯಿ ಈ ವ್ಯವಸ್ಥೆಯ ಶತ್ರುವಲ್ಲ, ಅದರ ಕೊನೆಯ ಕಾವಲುಗಾರ್ತಿ. ಪ್ರಶ್ನೆ ಕೇಳುವ ಅಭ್ಯಾಸವನ್ನೇ ತಪ್ಪಿಸುವ ಅಭಿಯಾನ ಆ ಕಾವಲನ್ನೂ ಕಳೆದುಕೊಳ್ಳುತ್ತದೆ.

ದೆಹಲಿಗೆ ಒತ್ತಾಯದ ಬೆಲೆ ಗೊತ್ತಿರಬೇಕಿತ್ತು. ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರ ಏಪ್ರಿಲ್‌ನಲ್ಲಿ, ತುರ್ಕ್‌ಮನ್ ಗೇಟ್‌ನಲ್ಲಿ ಮನೆಗಳನ್ನು ಉರುಳಿಸಿದ್ದು, ಸಂತಾನಹರಣ ಶಸ್ತ್ರಚಿಕಿತ್ಸೆಗೆ ಜನರನ್ನು ಎಳೆದದ್ದು ಆ ನಗರದ ನೆನಪಿನಿಂದ ಹೋಗಿಲ್ಲ. ದಶಕಗಳ ನಂತರ ಪಶ್ಚಿಮ ಉತ್ತರ ಪ್ರದೇಶಕ್ಕೆ ಪೋಲಿಯೊ ಹನಿ ಬಂದಾಗ, ಇದು ಮಕ್ಕಳಾಗದಂತೆ ಮಾಡುವ ಮದ್ದು ಎಂಬ ವದಂತಿ ಮನೆ ಮನೆಯ ಬಾಗಿಲು ಮುಚ್ಚಿಸಿತು. ಸರ್ಕಾರ ಒಮ್ಮೆ ಕೇಳದೆ ಮೈ ಮುಟ್ಟಿದರೆ, ಮುಂದಿನ ಸಲ ಅದು ಒಳ್ಳೆಯದನ್ನೇ ತಂದರೂ ಜನ ನಂಬುವುದಿಲ್ಲ.

ಆ ಬಾಗಿಲುಗಳು ತೆರೆದ ರೀತಿಯೂ ಪಾಠವೇ. ದೆಹಲಿಯಲ್ಲಿ 1994ರ ಅಕ್ಟೋಬರ್ 2ರಂದು, ಆಗ ಅಲ್ಲಿನ ಆರೋಗ್ಯ ಸಚಿವರಾಗಿದ್ದ ಡಾ. ಹರ್ಷವರ್ಧನ್ ಅವರ ಮುಂದಾಳತ್ವದಲ್ಲಿ ಪಲ್ಸ್ ಪೋಲಿಯೊ ಹಬ್ಬದಂತೆ ಶುರುವಾಯಿತು. ಮುಂದೆ ಅದು ದೇಶದ ಕಾರ್ಯಕ್ರಮವಾಯಿತು. ಉತ್ತರ ಪ್ರದೇಶದಲ್ಲಿ ಬಾಗಿಲು ತೆರೆಸಿದ್ದು ಪೊಲೀಸರಲ್ಲ. ಅದೇ ಓಣಿಯ ಸಾವಿರಾರು ಹೆಂಗಸರು ಮನೆಮನೆಗೆ ಮತ್ತೆ ಮತ್ತೆ ಹೋಗಿ ಮಾತಾಡಿದರು. ಮೌಲ್ವಿಗಳು ಮಸೀದಿಯಿಂದ ಕರೆ ಕೊಟ್ಟರು. ಅಲೀಗಢ ಮುಸ್ಲಿಂ ವಿಶ್ವವಿದ್ಯಾಲಯ ಮತ್ತು ದೆಹಲಿಯ ಜಾಮಿಯಾ ಮಿಲ್ಲಿಯಾ ಜೊತೆಗೂಡಿದವು. 2011ರ ಜನವರಿ 13ರ ಹೌರಾದ ಪ್ರಕರಣವೇ ದೇಶದ ಕೊನೆಯ ಪೋಲಿಯೊ. ಕೇಳುತ್ತ ಹೋದರೆ ಹೊತ್ತು ಮೀರುತ್ತದೆ ಎನ್ನುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಕನ್ನಡ ನಾಡಿನಲ್ಲಿ ಇದಕ್ಕೆ ಇನ್ನೂ ಹಳೆಯ ಉದಾಹರಣೆಯಿದೆ. 1805ರ ಹೊತ್ತಿಗೆ ಥಾಮಸ್ ಹಿಕ್ಕಿ ಎಂಬ ಕಲಾವಿದ ಬರೆದ ಮೂವರು ಹೆಂಗಸರ ವರ್ಣಚಿತ್ರವೊಂದನ್ನು ಬಹಳ ಕಾಲ ಜನ ನರ್ತಕಿಯರ ಚಿತ್ರವೆಂದು ತಿಳಿದಿದ್ದರು. ಅವರು ಮೈಸೂರು ಅರಮನೆಯ ರಾಣಿಯರು, ಬಲಗಡೆಯಾಕೆ ಮುಮ್ಮಡಿ ಕೃಷ್ಣರಾಜ ಒಡೆಯರ ಪತ್ನಿ ದೇವಾಜಮ್ಮಣ್ಣಿ, ಸೀರೆ ಸರಿಸಿ ಆಕೆ ತೋರಿಸುತ್ತಿರುವುದು ಸಿಡುಬಿನ ಹೊಸ ಲಸಿಕೆ ಹಾಕಿಸಿಕೊಂಡ ತೋಳನ್ನು ಎಂಬುದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಅವರ ವಾದ. ಆ ವಾದ ಸರಿಯಾದರೆ ಅದರ ಅರ್ಥ ದೊಡ್ಡದು. ಪ್ರಜೆಗಳ ತೋಳು ಹಿಡಿಯುವ ಮೊದಲು ಅರಮನೆ ತನ್ನ ತೋಳನ್ನು ತೋರಿಸಿತು.

ಒಪ್ಪಿಗೆಯ ಪರವಾದ ಈ ಮಾತು ಇಲ್ಲಿಗೇ ನಿಂತರೆ ಅರ್ಧ ಸತ್ಯ. ಯಾರ ಒಪ್ಪಿಗೆ? 2019ರ ಚರ್ಚೆ ನಡೆದದ್ದು ಶಾಲೆಯ ಡೈರಿಯಲ್ಲಿ ಬರುವ ಚೀಟಿಯನ್ನು ಓದಿ ಸಹಿ ಹಾಕಬಲ್ಲ, ಬೇಡವೆನಿಸಿದರೆ ವಕೀಲರನ್ನು ಹಿಡಿಯಬಲ್ಲ ಪೋಷಕರ ಸುತ್ತ. ದೆಹಲಿಯ ಸುತ್ತಮುತ್ತ ಇನ್ನೊಂದು ಲೋಕವಿದೆ. ನೋಯ್ಡಾ, ಗುರುಗ್ರಾಮದ ಗಗನಚುಂಬಿಗಳ ಪಕ್ಕದ ತಗಡಿನ ಶೆಡ್ಡುಗಳು, ಯಮುನೆಯ ಬಯಲಿನ ಗುಡಿಸಲುಗಳು, ಗಾಜಿಯಾಬಾದಿನ ಆಚೆಯ ಇಟ್ಟಿಗೆ ಭಟ್ಟಿಗಳು. ಅಲ್ಲಿನ ತಾಯಿ ಲಸಿಕೆ ಬೇಡವೆಂದವಳಲ್ಲ. ಬುಂದೇಲಖಂಡದ ಊರಿನಲ್ಲಿ ಹೆಸರು ಬರೆಸಿದ ಕಾರ್ಡು ಊರಲ್ಲೇ ಉಳಿದಿದೆ. ಒಂಬತ್ತನೆಯ ತಿಂಗಳ ಹೊತ್ತಿಗೆ ಕುಟುಂಬ ಬೇರೆ ಕಟ್ಟಡದ ಕೆಲಸಕ್ಕೆ ಹೋಗಿದೆ. ಲಸಿಕೆಯ ದಿನ ರಜೆ ಹಾಕಿದರೆ ಆ ದಿನದ ಕೂಲಿ ಇಲ್ಲ. ಯಾದಗಿರಿ, ರಾಯಚೂರಿನಿಂದ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಬರುವ ಕುಟುಂಬಗಳ ಕಥೆಯೂ ಇದಕ್ಕಿಂತ ಬೇರೆಯಲ್ಲ. ಅವಳನ್ನು ಯಾರೂ ಬಲವಂತ ಮಾಡಲಿಲ್ಲ, ಯಾಕೆಂದರೆ ಯಾರೂ ಕೇಳಲೇ ಇಲ್ಲ.

ದಡಾರ ಕೊಲ್ಲುವುದು ಹೆಚ್ಚಾಗಿ ಇಂಥ ಮನೆಗಳಲ್ಲೇ. 2022ರ ನವೆಂಬರ್‌ನಲ್ಲಿ ಮುಂಬೈಯ ಗೋವಂಡಿಯ ಕೊಳೆಗೇರಿಗಳಲ್ಲಿ ಅದು ಎದ್ದಾಗ ಸತ್ತವರು ಇಕ್ಕಟ್ಟಾದ ಮನೆಗಳ ಮಕ್ಕಳು. ಕೋವಿಡ್ ಕಾಲದಲ್ಲಿ ತಪ್ಪಿಹೋದ ಲಸಿಕೆಗಳ ಲೆಕ್ಕ ಅಲ್ಲಿ ತೀರಿತು. ರಾಂಚಿ, ಅಹಮದಾಬಾದ್, ಮಲಪ್ಪುರಂಗೂ ಕೇಂದ್ರ ಸರ್ಕಾರ ಆಗ ತಂಡಗಳನ್ನು ಕಳಿಸಬೇಕಾಯಿತು. ಸರ್ಕಾರದ ಅಂಕಿಯ ಪ್ರಕಾರ 2024-25ರಲ್ಲಿ ಮೊದಲ ಡೋಸ್ ಶೇಕಡ 93.7, ಎರಡನೆಯದು 92.2. ಕೇಳಲು ದೊಡ್ಡ ಸಂಖ್ಯೆ. ಆದರೆ ವರ್ಷಕ್ಕೆ ಎರಡು ಕೋಟಿಗೂ ಹೆಚ್ಚು ಮಕ್ಕಳು ಹುಟ್ಟುವ ದೇಶದಲ್ಲಿ ನೂರಕ್ಕೆ ಆರು ಎಂದರೆ ಹನ್ನೆರಡು ಲಕ್ಷಕ್ಕೂ ಮೇಲೆ. ಅವರು ದೇಶದ ತುಂಬ ಸಮನಾಗಿ ಹರಡಿಕೊಂಡಿಲ್ಲ. ಒಂದೇ ಓಣಿಯಲ್ಲಿ, ಒಂದೇ ಶೆಡ್ಡಿನಲ್ಲಿ ಗುಂಪಾಗಿದ್ದಾರೆ. ವೈರಸ್ಸಿಗೆ ಬೇಕಾದ್ದೂ ಅಂಥ ಗುಂಪೇ.

ಆದ್ದರಿಂದ ‘ಜನ ಒಪ್ಪುವುದಿಲ್ಲ’ ಎಂಬ ಮಾತನ್ನು ಅನುಮಾನದಿಂದಲೇ ನೋಡಬೇಕು. ತಲುಪದವರನ್ನು ಒಪ್ಪದವರ ಪಟ್ಟಿಗೆ ಸೇರಿಸಿದರೆ ತಪ್ಪು ಜನರ ಮೇಲೆ ಹೋಗುತ್ತದೆ, ವ್ಯವಸ್ಥೆ ಕೈ ತೊಳೆದುಕೊಳ್ಳುತ್ತದೆ. ಗುರುಗ್ರಾಮದ ಶೀತಲಾ ಮಾತೆಯ ಗುಡಿಗೆ ಮಗುವನ್ನು ಎತ್ತಿಕೊಂಡು ಬರುವ ತಾಯಿಯನ್ನು ಮೂಢಳೆನ್ನುವುದು ಸುಲಭ. ಮೈಮೇಲೆ ದದ್ದು, ಗುಳ್ಳೆ ಏಳುವ ಜ್ವರಗಳನ್ನು ‘ಮಾತಾ’ ಎನ್ನುವ ರೂಢಿ ಅಲ್ಲಿ, ‘ಅಮ್ಮ’ ಎನ್ನುವ ರೂಢಿ ಇಲ್ಲಿ. ಬೇವಿನ ಸೊಪ್ಪು ಕಟ್ಟಿ ಮಗುವನ್ನು ಒಳಗೆ ಮಲಗಿಸುವ ಆ ಪದ್ಧತಿಯಲ್ಲಿ ರೋಗಿಯನ್ನು ಬೇರೆ ಇಡುವ ತಿಳಿವಳಿಕೆಯೂ ಇತ್ತು. ಗುಡಿಗೆ ಹೋಗುವ ತಾಯಿ ಲಸಿಕೆಗೂ ಬರುತ್ತಾಳೆ. ಗುಡಿ ವಾರವಿಡೀ ತೆರೆದಿರುತ್ತದೆ, ಲಸಿಕೆಯ ಕೋಣೆಯೂ ಅವಳ ಹೊತ್ತಿಗೆ ತೆರೆದಿರಬೇಕು ಅಷ್ಟೆ.

ಇನ್ನು ತಿಳಿದೂ ಬೇಡವೆನ್ನುವವರು. 2022ರ ಮೇ 2ರಂದು ಕೋವಿಡ್ ಲಸಿಕೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ ಎಂದಿತು. ಸಾರ್ವಜನಿಕ ಆರೋಗ್ಯಕ್ಕಾಗಿ ಸಮಂಜಸ ನಿರ್ಬಂಧಗಳನ್ನು ಹಾಕಬಹುದು ಎಂದೂ ಹೇಳಿತು. ಆ ಎರಡನೆಯ ಮಾತನ್ನು ಬಿಟ್ಟು ಮೊದಲನೆಯದನ್ನಷ್ಟೇ ಉಲ್ಲೇಖಿಸುವುದು ಪ್ರಾಮಾಣಿಕವಲ್ಲ. ದಡಾರದ ವಿಷಯದಲ್ಲಿ ‘ನನ್ನ ಮಗು, ನನ್ನ ಇಷ್ಟ’ ಎಂಬುದು ಪೂರ್ತಿ ನಿಜವಲ್ಲ. ಅದೇ ಲಿಫ್ಟಿನಲ್ಲಿ ಬರುವ ಆರು ತಿಂಗಳ ಕೂಸಿಗೆ ಲಸಿಕೆಯ ವಯಸ್ಸೇ ಆಗಿಲ್ಲ. ಅದೇ ಆಸ್ಪತ್ರೆಯ ಸಾಲಿನಲ್ಲಿರುವ, ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿರುವ ಮಗುವಿಗೆ ಈ ಲಸಿಕೆ ಹಾಕುವಂತಿಲ್ಲ. ಇವರಿಬ್ಬರಿಗೂ ಸುತ್ತಲಿನ ಮಕ್ಕಳೇ ಗೋಡೆ. 2025ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ, ಲಸಿಕೆ ಬಿಟ್ಟವರು ಹೆಚ್ಚಿದ್ದ ಒಂದು ಪ್ರದೇಶದಿಂದ ಹಬ್ಬಿದ ದಡಾರ 760ಕ್ಕೂ ಹೆಚ್ಚು ಜನರಿಗೆ ತಗಲಿ ಇಬ್ಬರು ಮಕ್ಕಳನ್ನು ಕೊಂದಿತು. ಅದೇ ವರ್ಷದ ನವೆಂಬರ್‌ನಲ್ಲಿ ಕೆನಡಾ ದಡಾರಮುಕ್ತ ದೇಶವೆಂಬ ಸ್ಥಾನವನ್ನೇ ಕಳೆದುಕೊಂಡಿತು. ದುಡ್ಡು, ಓದು, ಆಸ್ಪತ್ರೆ ಯಾವುದೂ ಆ ಗೋಡೆಯ ಬಿರುಕನ್ನು ಮುಚ್ಚಲಿಲ್ಲ.

ಹಾಗಾದರೆ ಏನು ಮಾಡಬೇಕು? ಒಪ್ಪಿಗೆ ಪತ್ರ ಇರಲಿ. ತಾಯಿ ಓದುವ ಭಾಷೆಯಲ್ಲಿ, ಅರ್ಧ ಪುಟದಲ್ಲಿ, ಜ್ವರ ಬರುವ ದಿನವನ್ನೂ ಕರೆ ಮಾಡಬೇಕಾದ ನಂಬರನ್ನೂ ಬರೆದು. ಓದಲಾರದವಳಿಗೆ ಆಶಾ ಕಾರ್ಯಕರ್ತೆ ಬಾಯಲ್ಲಿ ಹೇಳಲಿ. ಆ ಮಾತಿಗೆ ತಗಲುವ ಹೊತ್ತನ್ನೂ ಕೆಲಸವೆಂದು ಎಣಿಸಿ ಸಂಬಳ ಕೊಡಲಿ. ಕಟ್ಟಡ ಕೆಲಸದ ಜಾಗದಲ್ಲಿ ಭಾನುವಾರ, ಸಂಜೆ ಲಸಿಕೆ ಸಿಗಲಿ. ಊರು ಬದಲಾದರೂ ಕಾರ್ಡಿನ ವಿವರ ಜೊತೆಗೆ ಬರುವಂತೆ ಮಾಡಲೆಂದೇ ಇರುವ ಯು-ವಿನ್ ವ್ಯವಸ್ಥೆ ಈ ಶೆಡ್ಡುಗಳನ್ನು ಮೊದಲು ತಲುಪಲಿ. ಶಾಲೆಗಳು ಕಾರ್ಡು ಇಲ್ಲವೆಂದು ಮಗುವನ್ನು ಹೊರಗಿಡುವುದು ಬೇಡ, ಆದರೆ ದಾಖಲಾತಿಯ ದಿನವೇ ಕಾರ್ಡು ನೋಡಿ ಆರೋಗ್ಯ ಕೇಂದ್ರಕ್ಕೆ ಕಳಿಸಲಿ. ಶಾಲೆಯಲ್ಲಿ ದಡಾರ ಕಂಡಾಗ ಲಸಿಕೆ ನಿರಾಕರಿಸಿದ ಮನೆಯ ಮಗು ಮೂರು ವಾರ ಮನೆಯಲ್ಲಿರಲಿ. ಇದು ಶಿಕ್ಷೆಯಲ್ಲ, ನಿರಾಕರಣೆಯ ಜೊತೆಗೇ ಬರುವ ಹೊಣೆ. ಲಸಿಕೆಯ ನಂತರ ಏನಾದರೂ ಅನಾಹುತವಾದರೆ ತನಿಖೆಯ ವರದಿ ಆ ಮನೆಯವರ ಕೈಗೂ, ಅವರ ಭಾಷೆಯಲ್ಲೇ, ಸೇರಲಿ.

2020ರೊಳಗೆ, ಆಮೇಲೆ 2023ರೊಳಗೆ, ಈಗ 2026ರೊಳಗೆ ದಡಾರ-ರುಬೆಲ್ಲಾ ನಿರ್ಮೂಲನೆ ಎಂದು ಗುರಿ ಮುಂದೆ ಮುಂದೆ ಹೋಗುತ್ತಿದೆ. ಉಳಿದಿರುವ ಆರೇಳು ಮಕ್ಕಳು ನೂರರಲ್ಲಿ ಅತಿ ಕಷ್ಟದ ಆರೇಳು. ಅವರಲ್ಲಿ ಕೆಲವರ ಮನೆಗೆ ಯಾರೂ ಹೋಗಿಲ್ಲ, ಕೆಲವರ ಮನೆಯವರು ಯಾರನ್ನೂ ನಂಬುವುದಿಲ್ಲ. ಇಬ್ಬರ ಮನೆಗೂ ಇರುವುದು ಒಂದೇ ದಾರಿ. ಬಾಗಿಲು ತಟ್ಟಿ, ಕೂತು, ಮಗುವಿನ ಹೆಸರು ಕೇಳಿ, ಇದು ಏನು, ಯಾಕೆ, ನಾಳೆ ಏನಾಗಬಹುದು ಎಂದು ಹೇಳಬೇಕು. ಆಮೇಲೆ ಸೂಜಿ.